ಸರ್ಕಾರಿ ಜಾಲತಾಣಗಳ ಮಾಹಿತಿ ನಿರ್ವಹಣಾ ವ್ಯವಸ್ಥೆ: ಸುಧಾರಣೆಗಳು ಹಾಗೂ ಅರ್ಜಿದಾರರು ತಿಳಿದಿರಬೇಕಾದ ವಿಷಯಗಳು

ಸರ್ಕಾರದ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಅಗತ್ಯ ದಾಖಲೆಗಳು, ನಿಗದಿತ ಶುಲ್ಕ, ಅರ್ಜಿ ನಮೂನೆ ಹಾಗೂ ಕಾಲಮಿತಿಯ ವಿವರಗಳಿಗಾಗಿ ಸಂಬಂಧಪಟ್ಟ ಇಲಾಖೆಯ ಜಾಲತಾಣವನ್ನು ಅವಲಂಬಿಸುತ್ತಾರೆ. ಅಲ್ಲಿನ ಮಾಹಿತಿಯು ಹಳೆಯದಾಗಿದ್ದಲ್ಲಿ ಅದರಿಂದಾಗುವ ನಷ್ಟವನ್ನು ಅರ್ಜಿದಾರರೇ ಭರಿಸಬೇಕಾಗುತ್ತದೆ. ಒಂದು ದಿನದ ಕೂಲಿ, ಪ್ರಯಾಣದ ವೆಚ್ಚ, ಕೆಲವೊಮ್ಮೆ ಅರ್ಜಿ ಸಲ್ಲಿಕೆಯ ಕೊನೆಯ ದಿನಾಂಕವೂ ಕೈತಪ್ಪಿಹೋಗಬಹುದು. ಈ ಕಾರಣದಿಂದ ಜಾಲತಾಣಗಳ ಹಿಂದೆ ಕಾರ್ಯನಿರ್ವಹಿಸುವ ಮಾಹಿತಿ ನಿರ್ವಹಣಾ ವ್ಯವಸ್ಥೆಯ ಸುಧಾರಣೆಯು ಕೇವಲ ತಾಂತ್ರಿಕ ವಿಷಯವಾಗಿರದೆ ಪ್ರತಿಯೊಬ್ಬ ಅರ್ಜಿದಾರರಿಗೂ ಸಂಬಂಧಿಸಿದ ವಿಷಯವಾಗಿದೆ.

ಮಾಹಿತಿ ನಿರ್ವಹಣಾ ವ್ಯವಸ್ಥೆ ಎಂದರೇನು?

ಹಿಂದೆ ಜಾಲತಾಣದ ಪ್ರತಿಯೊಂದು ಪುಟವನ್ನೂ ಪ್ರತ್ಯೇಕ ಕಡತವಾಗಿ ಸಿದ್ಧಪಡಿಸಲಾಗುತ್ತಿತ್ತು. ಶುಲ್ಕದ ಒಂದು ಅಂಕಿಯನ್ನು ತಿದ್ದಬೇಕಾದರೂ ತಂತ್ರಜ್ಞರ ನೆರವು ಬೇಕಾಗುತ್ತಿತ್ತು. ಮಾಹಿತಿ ನಿರ್ವಹಣಾ ವ್ಯವಸ್ಥೆಯು ಪುಟದ ವಿನ್ಯಾಸವನ್ನೂ ಅದರಲ್ಲಿನ ಮಾಹಿತಿಯನ್ನೂ ಬೇರ್ಪಡಿಸುವ ತಂತ್ರಾಂಶವಾಗಿದೆ. ಇದರಲ್ಲಿ ಒಬ್ಬ ಸಿಬ್ಬಂದಿ ಮಾಹಿತಿಯನ್ನು ದಾಖಲಿಸುತ್ತಾರೆ, ಮತ್ತೊಬ್ಬರು ಪರಿಶೀಲಿಸುತ್ತಾರೆ, ಅಧಿಕಾರ ಹೊಂದಿದ ಅಧಿಕಾರಿಯು ಅನುಮೋದಿಸಿದ ನಂತರ ಅದು ಪ್ರಕಟವಾಗುತ್ತದೆ. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ವಿವರವನ್ನೂ ವ್ಯವಸ್ಥೆಯಲ್ಲಿ ಉಳಿಸಿಕೊಳ್ಳಬಹುದಾಗಿದೆ.

ಹಿನ್ನೆಲೆ

ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿಯು ಮೊದಲ ಬಾರಿಗೆ 2009ರಲ್ಲಿ ಹೊರಬಂದಿತು. ಇದರ ಮೂರನೆಯ ಆವೃತ್ತಿಯು 2023ರಲ್ಲಿ ಪ್ರಕಟವಾಗಿದ್ದು, ಜಾಲತಾಣಗಳ ಜೊತೆಗೆ ಮೊಬೈಲ್ ಆ್ಯಪ್‌ಗಳಿಗೂ ಅನ್ವಯಿಸುತ್ತದೆ. ಜಿಲ್ಲಾಡಳಿತಗಳ ಜಾಲತಾಣಗಳಿಗಾಗಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು (ಎನ್‌ಐಸಿ) ‘ಎಸ್‌3ವಾಸ್’ ಎಂಬ ಸಾಮಾನ್ಯ ವ್ಯವಸ್ಥೆಯನ್ನು ರೂಪಿಸಿದೆ. ಕರ್ನಾಟಕದ ಜಿಲ್ಲಾ ಜಾಲತಾಣಗಳ ಪುಟಗಳು ಪರಸ್ಪರ ಹೋಲುವುದಕ್ಕೆ ಈ ಸಾಮಾನ್ಯ ವ್ಯವಸ್ಥೆಯೇ ಕಾರಣ.

ಮುಂದುವರಿದು, ಕೇಂದ್ರ ಸಚಿವಾಲಯಗಳ ಜಾಲತಾಣಗಳಲ್ಲಿ ಏಕರೂಪತೆ ತರುವ ಉದ್ದೇಶದಿಂದ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2025ರ ಫೆಬ್ರವರಿ 18ರಂದು ಡಿಜಿಟಲ್ ಬ್ರ್ಯಾಂಡ್ ಐಡೆಂಟಿಟಿ ಕೈಪಿಡಿಯನ್ನು ಬಿಡುಗಡೆ ಮಾಡಿತು. ಇದರೊಂದಿಗೆ ಸಚಿವಾಲಯಗಳಿಗೆ ಸಾಮಾನ್ಯವಾದ ಮಾಹಿತಿ ನಿರ್ವಹಣಾ ವೇದಿಕೆ ಹಾಗೂ ಕೇಂದ್ರೀಕೃತ ಪ್ರಕಟಣಾ ವ್ಯವಸ್ಥೆಯನ್ನೂ ಪರಿಚಯಿಸಲಾಯಿತು.

ಪ್ರಮುಖ ಸುಧಾರಣೆಗಳು

1. ಒಂದು ಮಾಹಿತಿಗೆ ಒಂದೇ ಮೂಲ: ಒಂದೇ ಸೇವೆಯ ವಿವರವು ಇಲಾಖೆ, ಜಿಲ್ಲೆ ಹಾಗೂ ಸೇವಾ ಪೋರ್ಟಲ್‌ನ ಪುಟಗಳಲ್ಲಿ ಪ್ರತ್ಯೇಕವಾಗಿ ಬರೆಯಲ್ಪಟ್ಟಿದ್ದರೆ, ಒಂದೆಡೆ ತಿದ್ದುಪಡಿಯಾಗಿ ಉಳಿದೆಡೆ ಹಳೆಯದೇ ಮುಂದುವರಿಯುತ್ತದೆ. ಕೇಂದ್ರೀಕೃತ ಪ್ರಕಟಣೆಯಲ್ಲಿ ಮಾಹಿತಿಯನ್ನು ಒಮ್ಮೆ ದಾಖಲಿಸಿ, ಸಂಪರ್ಕಿತ ಎಲ್ಲ ತಾಣಗಳಲ್ಲಿ ಅದನ್ನೇ ತೋರಿಸಲಾಗುತ್ತದೆ.

2. ಹೊಣೆಗಾರಿಕೆ ನಿಗದಿ: ಮಾರ್ಗಸೂಚಿಯನ್ವಯ ಪ್ರತಿ ಜಾಲತಾಣಕ್ಕೂ ಜಾಲ ಮಾಹಿತಿ ವ್ಯವಸ್ಥಾಪಕರಿರಬೇಕು. ಮಾಹಿತಿಯ ಸಲ್ಲಿಕೆ ಮತ್ತು ಅನುಮೋದನೆ, ನಿಯತಕಾಲಿಕ ಪರಿಶೀಲನೆ ಹಾಗೂ ಹಳೆಯ ಮಾಹಿತಿಯ ಸಂಗ್ರಹಕ್ಕೆ ಸಂಬಂಧಿಸಿದಂತೆ ನೀತಿಗಳನ್ನು ರೂಪಿಸಿರಬೇಕು.

3. ಅವಧಿ ಮೀರಿದ ಮಾಹಿತಿಯ ತೆರವು: ಕೊನೆಯ ದಿನಾಂಕ ಮುಗಿದ ಪ್ರಕಟಣೆ ಮತ್ತು ರದ್ದಾದ ನಮೂನೆಗಳು ಮುಖಪುಟದಲ್ಲಿಯೇ ಉಳಿಯುವುದು ಸಾಮಾನ್ಯ ದೂರು. ಪ್ರಕಟಿಸುವಾಗಲೇ ಅಂತಿಮ ದಿನಾಂಕವನ್ನು ನಮೂದಿಸಿದಲ್ಲಿ, ಆ ದಿನಾಂಕದ ನಂತರ ಪುಟವನ್ನು ಸಂಗ್ರಹ ವಿಭಾಗಕ್ಕೆ ತಾನಾಗಿಯೇ ವರ್ಗಾಯಿಸಲು ತಂತ್ರಾಂಶದಲ್ಲಿ ಅವಕಾಶ ಕಲ್ಪಿಸಬಹುದಾಗಿದೆ.

4. ಕನ್ನಡದಲ್ಲಿ ಪೂರ್ಣ ಮಾಹಿತಿ: ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿರುವ ಪುಟಗಳನ್ನು ಏಕಕಾಲದಲ್ಲಿ ನವೀಕರಿಸಬೇಕೆಂದು ಮಾರ್ಗಸೂಚಿಯು ತಿಳಿಸುತ್ತದೆ. ಇಂಗ್ಲಿಷ್ ಪುಟವು ಬದಲಾಗಿ ಕನ್ನಡ ಪುಟವು ಹಾಗೆಯೇ ಉಳಿದರೆ, ಕನ್ನಡವನ್ನು ಮಾತ್ರ ಓದಬಲ್ಲ ಅರ್ಜಿದಾರರಿಗೆ ತಪ್ಪು ಮಾಹಿತಿ ದೊರೆತಂತಾಗುತ್ತದೆ. ಎರಡೂ ಪುಟಗಳನ್ನು ಜೋಡಿಸಿರುವ ವ್ಯವಸ್ಥೆಯಲ್ಲಿ ಒಂದನ್ನು ತಿದ್ದಿದಾಗ ಮತ್ತೊಂದು ಬಾಕಿಯಿದೆ ಎಂಬ ಸೂಚನೆಯನ್ನು ಸಿಬ್ಬಂದಿಗೆ ನೀಡಬಹುದು.

ಕನ್ನಡ ಪುಟಗಳಿಗೆ ಮತ್ತೊಂದು ಸಮಸ್ಯೆಯೂ ಇದೆ. ಯೂನಿಕೋಡ್ ಶಿಷ್ಟತೆಯಲ್ಲಿ 1991ರಿಂದಲೇ ಕನ್ನಡ ಲಿಪಿಗೆ ಸ್ಥಾನವಿದ್ದರೂ, ಬಹಳ ವರ್ಷಗಳ ಕಾಲ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕಡತಗಳು ಸಿದ್ಧವಾದವು. ಈ ಶೈಲಿಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಗಣಕಯಂತ್ರದೊಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ. ಆದ್ದರಿಂದ ‘ಆದಾಯ ಪ್ರಮಾಣ ಪತ್ರ’ ಎಂದು ಹುಡುಕಿದರೆ ಅಂತಹ ಕಡತವು ದೊರೆಯುವುದಿಲ್ಲ. ಆ ಅಕ್ಷರಶೈಲಿ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು. ಹೊಸ ವ್ಯವಸ್ಥೆಗೆ ವರ್ಗಾಯಿಸುವಾಗ ಇಂತಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಮತ್ತು ಅಂಕಿಗಳು ಸರಿಯಾಗಿವೆಯೇ ಎಂದು ಓದಿ ನೋಡುವುದು ಅತ್ಯಗತ್ಯ.

5. ವಿಕಲಚೇತನರಿಗೆ ಸುಗಮ ಬಳಕೆ: ದೃಷ್ಟಿಹೀನರು ಪರದೆಯ ಪಠ್ಯವನ್ನು ಧ್ವನಿಯಾಗಿ ಓದುವ ತಂತ್ರಾಂಶವನ್ನು ಬಳಸುತ್ತಾರೆ. ಸುತ್ತೋಲೆಯನ್ನು ಕೇವಲ ಸ್ಕ್ಯಾನ್ ಮಾಡಿದ ಚಿತ್ರವಾಗಿ ಪ್ರಕಟಿಸಿದಲ್ಲಿ ಓದಲು ಅದರಲ್ಲಿ ಪಠ್ಯವೇ ಇರುವುದಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅಡಿಯಲ್ಲಿ 2017ರಲ್ಲಿ ರಚಿಸಿದ ನಿಯಮಗಳು ಜಾಲತಾಣಗಳ ಬಗ್ಗೆಯೂ ಮಾನದಂಡಗಳನ್ನು ಸೂಚಿಸಿದ್ದವು. ಆದರೆ ಅವು ಕಡ್ಡಾಯ ಸ್ವರೂಪದಲ್ಲಿಲ್ಲವೆಂಬ ಕಾರಣದಿಂದ ಸಂಬಂಧಿತ 15(1)ನೇ ನಿಯಮವು ಅಧಿನಿಯಮಕ್ಕೆ ಅನುಗುಣವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪು ನೀಡಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ನಿರ್ದೇಶಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪಿನಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ತಿಳಿಸಿತು.

ಸಕಾಲ ಸೇವೆಗಳೊಂದಿಗೆ ಸಂಬಂಧ

ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮವು 2012ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, ಅಧಿಸೂಚಿತ ಸೇವೆಗಳನ್ನು ನಿಗದಿತ ಅವಧಿಯೊಳಗೆ ಒದಗಿಸಬೇಕಾಗಿದೆ. ವಿಳಂಬವಾದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚವನ್ನು ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ. ಆದರೆ ಜಾಲತಾಣದ ಹಳೆಯ ಪಟ್ಟಿಯನ್ನು ನಂಬಿ ಬಂದ ಅರ್ಜಿದಾರರು ಒಂದು ದಾಖಲೆಯ ಕೊರತೆಯಿಂದ ಸ್ವೀಕೃತಿ ಪಡೆಯುವ ಮೊದಲೇ ಹಿಂದಿರುಗಬೇಕಾದರೆ, ಆ ಅಲೆದಾಟದ ದಿನಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕಾಲಮಿತಿಯ ಭರವಸೆಯು ಸಾರ್ಥಕವಾಗಬೇಕಾದರೆ ದಾಖಲೆಗಳ ಪಟ್ಟಿಯು ಮೊದಲು ಸರಿಯಾಗಿರಬೇಕು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಜಾಲತಾಣದ ವಿಳಾಸವು ‘ಗವ್ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುವುದನ್ನು ಖಚಿತಪಡಿಸಿಕೊಳ್ಳುವುದು. ವಿಳಾಸದ ನಡುವೆ ‘ಗವ್’ ಎಂಬ ಪದವಿದ್ದ ಮಾತ್ರಕ್ಕೆ ಅದು ಸರ್ಕಾರದ ಜಾಲತಾಣವಾಗುವುದಿಲ್ಲ. ಹಣ ಪಾವತಿಸುವ ಮುನ್ನ ಈ ಎಚ್ಚರಿಕೆ ಅವಶ್ಯ.
• ಪುಟದ ಕೊನೆಯಲ್ಲಿರುವ ‘ಇತ್ತೀಚಿನ ನವೀಕರಣ’ ದಿನಾಂಕವನ್ನು ಪರಿಶೀಲಿಸುವುದು. ಕೆಲವು ತಾಣಗಳಲ್ಲಿ ಇದು ಇಡೀ ಜಾಲತಾಣದ ದಿನಾಂಕವಾಗಿರಬಹುದು. ಆದ್ದರಿಂದ ಸುತ್ತೋಲೆ ಅಥವಾ ಆದೇಶದ ಸ್ವಂತ ದಿನಾಂಕವನ್ನೂ ನೋಡುವುದು.
• ಕನ್ನಡ ಹಾಗೂ ಇಂಗ್ಲಿಷ್ ಪುಟಗಳಲ್ಲಿ ಶುಲ್ಕ ಅಥವಾ ದಾಖಲೆಗಳ ವಿವರ ಭಿನ್ನವಾಗಿದ್ದಲ್ಲಿ, ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ವಿಚಾರಿಸುವುದು.
• ಹಿಂದೆ ಉಳಿಸಿಕೊಂಡ ಅರ್ಜಿ ನಮೂನೆಯನ್ನು ಬಳಸದೆ, ಪ್ರತಿ ಬಾರಿಯೂ ಜಾಲತಾಣದಿಂದ ಹೊಸದಾಗಿ ಪಡೆದುಕೊಳ್ಳುವುದು.
• ಮಾಹಿತಿಯಲ್ಲಿ ದೋಷ ಕಂಡುಬಂದಲ್ಲಿ ಪುಟದ ಹೆಸರು ಮತ್ತು ದಿನಾಂಕವನ್ನು ನಮೂದಿಸಿ ‘ಅಭಿಪ್ರಾಯ’ ಅಥವಾ ‘ಸಂಪರ್ಕಿಸಿ’ ವಿಭಾಗದ ಮೂಲಕ ತಿಳಿಸುವುದು.

ಮಾಹಿತಿ ಪಡೆಯುವ ಹಕ್ಕು

ತಂತ್ರಾಂಶವು ಎಷ್ಟೇ ಉತ್ತಮವಾಗಿದ್ದರೂ ಅದಕ್ಕೆ ನೀಡಿದ ಮಾಹಿತಿಯನ್ನಷ್ಟೇ ಅದು ತೋರಿಸಬಲ್ಲದು. ಆದೇಶ ಹೊರಬಿದ್ದ ದಿನವೇ ಪುಟವನ್ನು ತಿದ್ದುವುದು ಸಂಬಂಧಪಟ್ಟ ಅಧಿಕಾರಿಗಳ ಕರ್ತವ್ಯವಾಗಿಯೇ ಉಳಿಯುತ್ತದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವು ನಿಗದಿತ ಮಾಹಿತಿಯನ್ನು ತಾನಾಗಿಯೇ ಪ್ರಕಟಿಸಿ ಪ್ರತಿ ವರ್ಷ ನವೀಕರಿಸಬೇಕು. ಪ್ರಸಾರದಲ್ಲಿ ಸ್ಥಳೀಯ ಭಾಷೆಯನ್ನು ಪರಿಗಣಿಸಬೇಕೆಂದು ಪ್ರಕರಣ 4(4) ತಿಳಿಸುತ್ತದೆ. ಸರಿಯಾದ ಮಾಹಿತಿಯನ್ನು ಕನ್ನಡದಲ್ಲಿ ನಿರೀಕ್ಷಿಸುವುದು ಅರ್ಜಿದಾರರ ಹಕ್ಕಾಗಿದ್ದು, ಕಂಡುಬಂದ ಲೋಪವನ್ನು ಒಬ್ಬ ನಾಗರಿಕರು ತಿಳಿಸಿದಲ್ಲಿ ಅವರ ನಂತರ ಅರ್ಜಿ ಸಲ್ಲಿಸುವ ಎಲ್ಲರಿಗೂ ಅದರ ಪ್ರಯೋಜನ ದೊರೆಯುತ್ತದೆ.