ಸೆಲೆನಿಯಂ ನ್ಯಾನೊಕಣ: ಪ್ರನಾಳದಲ್ಲಿ ಗೆದ್ದದ್ದೆಲ್ಲ ದೇಹದಲ್ಲೂ ಗೆಲ್ಲುತ್ತದೆಯೇ?

ತಪ್ಪು ಕಲ್ಪನೆ: ಸೆಲೆನಿಯಂ ನ್ಯಾನೊಕಣದ ಆಂಟಿಆಕ್ಸಿಡೆಂಟ್ ಗುಣ ಪ್ರಯೋಗಾಲಯದಲ್ಲಿ ಸಾಬೀತಾಗಿದೆ, ಇನ್ನು ಅನುಮಾನವೇಕೆ?

ಸತ್ಯ: ಸಾಬೀತಾದದ್ದು ಏನು ಎಂದು ನೋಡೋಣ. ಈ ಗುಣದ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಡಿಪಿಪಿಎಚ್ ಎಂಬ ರಾಸಾಯನಿಕ. ಮೆಥನಾಲ್‌ನಲ್ಲಿ ಕರಗಿಸಿದಾಗ ಅದು ಗಾಢ ನೇರಳೆ. ನ್ಯಾನೊಕಣ ಬೆರೆಸಿ ಕತ್ತಲಲ್ಲಿಟ್ಟರೆ ಬಣ್ಣ ತೆಳುವಾಗುತ್ತ ಹಳದಿಗೆ ತಿರುಗುತ್ತದೆ. 517 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಕಡಿಮೆ ಹೀರಿತು ಎಂದು ಅಳೆದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಆದರೆ ಡಿಪಿಪಿಎಚ್ ನಮ್ಮ ದೇಹದಲ್ಲಿ ಇಲ್ಲವೇ ಇಲ್ಲ. ಅದೂ ಅಲ್ಲದೆ, ಎಲೆಯ ರಸ ಬಳಸಿ ತಯಾರಿಸಿದ ಕಣಗಳ ಮೈಗೆ ಆ ಗಿಡದ ಪಾಲಿಫಿನಾಲ್‌ಗಳು ಅಂಟಿಕೊಂಡಿರುತ್ತವೆ; ಅವೂ ಆಂಟಿಆಕ್ಸಿಡೆಂಟ್‌ಗಳೇ. ಬಣ್ಣ ಕಳೆದದ್ದು ಸೆಲೆನಿಯಮ್ಮೋ, ಪಾಲಿಫಿನಾಲೋ? ಬರೀ ಎಲೆರಸವನ್ನೂ ಜೊತೆಗಿಟ್ಟು ಪರೀಕ್ಷಿಸದ ಫಲಿತಾಂಶವನ್ನು ನಾನಂತೂ ಒಪ್ಪುವುದಿಲ್ಲ.

ದೇಹದ ದಾರಿಯೇ ಬೇರೆ. ಅಲ್ಲಿ ಸೆಲೆನಿಯಂ ಸೆಲೆನೊಸಿಸ್ಟೀನ್ ಎಂಬ ಅಮೈನೊ ಆಮ್ಲದ ಭಾಗವಾಗಿ ಕಿಣ್ವಗಳೊಳಗೆ ಸೇರುತ್ತದೆ. ಗ್ಲುಟಾಥಯೋನ್ ಪೆರಾಕ್ಸಿಡೇಸ್ ಅಂಥದ್ದೊಂದು. ಅದರಲ್ಲಿ ಸೆಲೆನಿಯಂ ಇದೆಯೆಂದು ತಿಳಿದದ್ದು 1973ರಲ್ಲಿ. ಹೈಡ್ರೋಜನ್ ಪೆರಾಕ್ಸೈಡನ್ನು ನೀರಾಗಿಸುವುದು ಈ ಕಿಣ್ವದ ಕೆಲಸ. ನುಂಗಿದ ನ್ಯಾನೊಕಣದ ಸೆಲೆನಿಯಂ ಕೂಡ ಈ ಕಿಣ್ವಗಳಿಗೆ ಸೇರಿದರಷ್ಟೇ ಈ ಕೆಲಸ ಸಾಧ್ಯ.

ತಪ್ಪು ಕಲ್ಪನೆ: ಹೆಚ್ಚು ತಿಂದಷ್ಟೂ ಹೆಚ್ಚು ರಕ್ಷಣೆ.

ಸತ್ಯ: ಕಿಣ್ವಗಳಿಗೆ ಬೇಕಾದಷ್ಟು ಸಿಕ್ಕ ಮೇಲೆ ಅವುಗಳ ಚಟುವಟಿಕೆ ಏರುವುದಿಲ್ಲ. ಅಮೆರಿಕ ಮತ್ತು ಕೆನಡಾದ 35,000ಕ್ಕೂ ಹೆಚ್ಚು ಪುರುಷರು ಪಾಲ್ಗೊಂಡ 'ಸೆಲೆಕ್ಟ್' ಅಧ್ಯಯನದಲ್ಲಿ ಸಾಮಾನ್ಯ ಪೂರಕದ ರೂಪದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಕೊಡಲಾಯಿತು. ತಡೆಯಬೇಕೆಂದಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗಲಿಲ್ಲ. 2008ರಲ್ಲಿ ಮಾತ್ರೆ ನಿಲ್ಲಿಸಿದರು. ಮೊದಲೇ ದೇಹದಲ್ಲಿ ಸೆಲೆನಿಯಂ ಹೆಚ್ಚಿದ್ದವರಿಗೆ ಮಾತ್ರೆಯಿಂದ ತೀವ್ರ ಸ್ವರೂಪದ ಕ್ಯಾನ್ಸರಿನ ಅಪಾಯ ಏರಿತ್ತೆಂದು 2014ರ ವಿಶ್ಲೇಷಣೆ ತೋರಿಸಿತು. ಪ್ರಮಾಣ ಮೀರಿದರೆ ಆಂಟಿಆಕ್ಸಿಡೆಂಟ್ ಎನಿಸಿಕೊಂಡ ಸೆಲೆನಿಯಮ್ಮೇ ಉತ್ಕರ್ಷಣವನ್ನು ಕೆರಳಿಸಬಲ್ಲದು.

ತಪ್ಪು ಕಲ್ಪನೆ: ನ್ಯಾನೊ ರೂಪಕ್ಕೆ ವಿಷವಿಲ್ಲ.

ಸತ್ಯ: ಇಲಿಗಳ ಪರೀಕ್ಷೆಯಲ್ಲಿ ಅದು ಸೋಡಿಯಂ ಸೆಲೆನೈಟ್ ಎಂಬ ಸೆಲೆನಿಯಂ ಲವಣಕ್ಕಿಂತ ಕಡಿಮೆ ವಿಷಕಾರಿ ಎಂದು ಕಂಡಿದೆ. ಕಡಿಮೆ ಎಂದರೆ ಇಲ್ಲವೆಂದಲ್ಲ. ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ, ಉಸಿರು ಬೆಳ್ಳುಳ್ಳಿ ನಾರುತ್ತದೆ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಭಾಗದ ಕೆಲವು ಹೊಲಗಳ ಮಣ್ಣಲ್ಲಿ ಅದು ಅತಿಯಾಗಿದ್ದು, ಅಲ್ಲಿನ ಮೇವು ತಿಂದ ದನ-ಎಮ್ಮೆಗಳ ಗೊರಸು ಬಿರಿದದ್ದಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಸೂಚಿಸುವುದು ದಿನಕ್ಕೆ 40 ಮೈಕ್ರೋಗ್ರಾಂ. ಧಾನ್ಯ, ಮೊಟ್ಟೆ, ಮೀನಿನಲ್ಲಿ ಸೆಲೆನಿಯಂ ಇದೆ. ಡಬ್ಬಿಯ ಮೇಲೆ 'ನ್ಯಾನೊ' ಎಂದು ಕಂಡಾಕ್ಷಣ ಮನಸೋಲಬೇಡಿ. ಎಷ್ಟು ಮೈಕ್ರೋಗ್ರಾಂ ಇದೆ ಎಂದು ಓದಿ, ವೈದ್ಯರನ್ನು ಕೇಳದೆ ನುಂಗಬೇಡಿ.