ಢಂ ಅಂದದ್ದು ಏನು?



ಮಿಂಚು ಕಂಡರೆ ಹಿಂದೆಯೇ ಗುಡುಗು ಬರುತ್ತೆ. ಇದು ನಮಗೆಲ್ಲ ಗೊತ್ತು. ಆದರೆ ಏನೂ ಕಾಣದೆ ಆಕಾಶ ಢಂ ಅಂದರೆ?

ಬೆಂಗಳೂರಲ್ಲಿ ಹಾಗೇ ಆಯ್ತು. ಅವತ್ತು 2020ರ ಮೇ 20, ಬುಧವಾರ. ಮಧ್ಯಾಹ್ನ ಒಂದೂವರೆ ಗಂಟೆ ಹತ್ತಿರ. ಅದು ಕೊರೊನಾ ಕಾಲ. ಬಹಳ ಜನ ಮನೆಯಲ್ಲೇ ಇದ್ದರು. ಇದ್ದಕ್ಕಿದ್ದ ಹಾಗೆ ದೊಡ್ಡ ಸದ್ದು ಕೇಳಿತು. ಕಿಟಕಿ ಬಾಗಿಲು ಗಡಗಡ ಅಂದವು. ವೈಟ್‌ಫೀಲ್ಡಿನವರು ಕೇಳಿದರು. ಮಾರತ್ತಹಳ್ಳಿಯವರೂ ಕೇಳಿದರು. ದೂರದ ಎಲೆಕ್ಟ್ರಾನಿಕ್ ಸಿಟಿಯವರೂ ಕೇಳಿದರು.

ಜನ ಗಾಬರಿಯಾದರು. ಭೂಕಂಪ ಅಂದರು ಕೆಲವರು. ಅವತ್ತೇ ಬಂಗಾಳಕ್ಕೆ ಅಂಫಾನ್ ಚಂಡಮಾರುತ ಬಡಿದಿತ್ತು. ಅದರದ್ದೇ ಸದ್ದು ಅಂದರು ಇನ್ನು ಕೆಲವರು. ಬೇರೆ ಲೋಕದವರ ಹಾರುವ ತಟ್ಟೆ ಬಂತು ಅಂದವರೂ ಉಂಟು! ಮೊಬೈಲಿನಲ್ಲಿ ಸುದ್ದಿ ಹರಡೋಕೆ ಎಷ್ಟು ಹೊತ್ತು ಬೇಕು?

ಭೂಮಿ ನಡುಗಿದರೆ ಗೆರೆ ಎಳೆದು ತೋರಿಸುವ ಯಂತ್ರಗಳಿವೆ. ಅವನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನೋಡಿಕೊಳ್ಳುತ್ತೆ. ಅಲ್ಲಿಯವರು ಯಂತ್ರ ನೋಡಿ, ಭೂಕಂಪ ಆಗಿಲ್ಲ ಅಂದರು. ಎಲ್ಲೂ ಹಾನಿಯಾದ ವರದಿ ಇಲ್ಲ ಅಂತ ಪೊಲೀಸರು ತಿಳಿಸಿದರು. ಸರಿ, ಹಾಗಾದರೆ ಅದು ಏನು? ಜನ ಗಂಟೆಗಟ್ಟಲೆ ಕಾದರು.

ಕೊನೆಗೆ ರಕ್ಷಣಾ ಇಲಾಖೆಯವರು ಹೇಳಿಕೆ ಕೊಟ್ಟರು. ವಾಯುಪಡೆಯ ಒಂದು ವಿಮಾನ ಪರೀಕ್ಷೆಗೆ ಹಾರಿತ್ತು. ಅದು ಶಬ್ದಕ್ಕಿಂತ ವೇಗವಾಗಿ ಹೋಗಿತ್ತು. 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಬಹುಶಃ ಈ ಸದ್ದು ಬಂದಿರಬೇಕು. ವಿಮಾನ ಊರಿಂದ ಬಹಳ ದೂರ ಇತ್ತು. ಇಂಥ ಸದ್ದು 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳುತ್ತೆ. ಇದು ಅವರ ಮಾತು.

ಎಲ್ಲರೂ ಇದನ್ನು ಒಪ್ಪಲಿಲ್ಲ. ಅಷ್ಟು ದೂರದ ವಿಮಾನ ನಮ್ಮ ಕಿಟಕಿ ಅಲುಗಿಸುತ್ತದೆಯೇ? ಹಾರಿದ್ದನ್ನು ನಾವು ಯಾಕೆ ನೋಡಲಿಲ್ಲ? ಕೇಳಬೇಕಾದ ಪ್ರಶ್ನೆಗಳೇ.

ಈಗ ಕೆರೆ ಹತ್ತಿರ ಹೋಗೋಣ. ಬಾತುಕೋಳಿ ಜೋರಾಗಿ ಈಜುವಾಗ ನೋಡಿದ್ದೀರಾ? ಅದರ ಹಿಂದೆ ಎರಡೂ ಕಡೆ ಅಲೆ ಬಿಚ್ಚಿಕೊಳ್ಳುತ್ತೆ. ಬಾತುಕೋಳಿ ಮುಂದೆ ಹೋಗಿಬಿಟ್ಟಿರುತ್ತೆ. ಅಲೆ ಆಮೇಲೆ ಬಂದು ದಡಕ್ಕೆ ತಾಗುತ್ತೆ. ಶಬ್ದಕ್ಕಿಂತ ವೇಗವಾಗಿ ಹೋಗುವ ವಿಮಾನವೂ ಹೀಗೇ. ಅದರ ಹಿಂದೆ ಗಾಳಿಯಲ್ಲಿ ಒಂದು ಗಟ್ಟಿ ಅಲೆ ಬರುತ್ತೆ. ಆ ಅಲೆ ನಮ್ಮನ್ನು ದಾಟಿದಾಗ ಢಂ ಅನ್ನುತ್ತೆ. ಕಿಟಕಿಯನ್ನೂ ಅದೇ ಅಲುಗಿಸುತ್ತೆ.

ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡು ಬೇಕು. 65 ಕಿಲೋಮೀಟರ್ ಬರೋಕೆ? ಲೆಕ್ಕ ಹಾಕಿ. ಮೂರು ನಿಮಿಷದ ಮೇಲಾಯ್ತು! ಅಂದರೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಇರುವಷ್ಟು ದೂರ. ತಲೆ ಎತ್ತಿ ನೋಡುವಾಗ ವಿಮಾನ ಎಲ್ಲಿರುತ್ತೆ?

ಅಧಿಕಾರಿಗಳ ಮಾತಿನಲ್ಲಿ ಒಂದು ಕಡೆ ಜನ ತಪ್ಪು ತಿಳಿಯೋ ಹಾಗಿತ್ತು. ವೇಗ ಇಳಿಸುವ ಹೊತ್ತಿಗೆ ಮಾತ್ರ ಸದ್ದು ಬರುತ್ತೆ ಅಂತ ಹಲವರು ತಿಳಿದರು. ಹಾಗಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವಷ್ಟು ಹೊತ್ತೂ ಆ ಅಲೆ ವಿಮಾನದ ಹಿಂದೆ ಇದ್ದೇ ಇರುತ್ತೆ.

ಹೇಳಿಕೆಯಲ್ಲಿ ವಿಮಾನದ ಹೆಸರು ಇರಲಿಲ್ಲ. ಯಾವ ಊರಿನ ಮೇಲೆ ಹಾರಿತ್ತು ಅಂತಲೂ ಇರಲಿಲ್ಲ. ಪರೀಕ್ಷೆಯ ಗುಟ್ಟು ಇರಬಹುದು, ಒಪ್ಪೋಣ. ಆದರೂ ಸದ್ದಾದ ಅರ್ಧ ಗಂಟೆಯಲ್ಲಿ ನಾಲ್ಕು ಮಾತು ಹೇಳಿದ್ದರೆ ಹಾರುವ ತಟ್ಟೆಯ ಕಥೆ ಅಷ್ಟು ಬೆಳೆಯುತ್ತಿರಲಿಲ್ಲ.

2021ರ ಜುಲೈ 2ರ ಮಧ್ಯಾಹ್ನ ಬೆಂಗಳೂರಲ್ಲಿ ಮತ್ತೆ ಅಂಥದೇ ಸದ್ದು ಕೇಳಿತು. ಭೂಕಂಪ ಆಗಿಲ್ಲ ಅಂತ ಉಸ್ತುವಾರಿ ಕೇಂದ್ರದವರು ಆಗಲೂ ಯಂತ್ರ ನೋಡಿ ಹೇಳಬೇಕಾಯ್ತು.