ನಿಮಗಿದು ಗೊತ್ತೆ? ಹಗ್ಗಕ್ಕೆ ಬ್ಯಾಟರಿಯೇ ಶತ್ರು
ಹಿಮಗೋಡೆ ಏರಲು ಬಳಸುವ ನೈಲಾನ್ ಹಗ್ಗವನ್ನು ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲಿ ಇರಿಸಿದರೆ, ಅದರೊಳಗಿನ ಗಂಧಕಾಮ್ಲ ಸೋಕಿ ಎಳೆಗಳು ಸತ್ವಗುಂದಿದರೂ ಹೊರನೋಟಕ್ಕೆ ಒಂದು ಕಲೆಯೂ ಕಾಣದಿರಬಹುದು. 2014ರಲ್ಲಿ ಎವರೆಸ್ಟ್ ಏರಿದ ಮಾಲಾವತ್ ಪೂರ್ಣಾ ತರಬೇತಿ ಪಡೆದ ಭುವನಗಿರಿಯ ಬಂಡೆಯಲ್ಲೇ ಪಳಗಿ ಹಿಮಾಲಯಕ್ಕೆ ಹೊರಡುವ, ಹೈದರಾಬಾದಿನ ಕೂಕಟ್‌ಪಲ್ಲಿಯ ಆರೋಹಿಯು, ಇಕ್ಕಟ್ಟಾದ ಫ್ಲ್ಯಾಟಿನ ಒಂದೇ ಮೂಲೆಯಲ್ಲಿ ಇವೆರಡನ್ನೂ ತುರುಕದಿರುವುದು ಲೇಸು. ಬಳಸದೆ ಇಟ್ಟ ಹಗ್ಗಕ್ಕೂ ತಯಾರಕರು ಸಾಮಾನ್ಯವಾಗಿ ಗೊತ್ತುಪಡಿಸುವ ಗರಿಷ್ಠ ಆಯುಷ್ಯ 10 ವರ್ಷ. ಹೀಗಾಗಿ ಪೂರ್ವಾಪರ ತಿಳಿಯದ ಹಗ್ಗವನ್ನು ಅನುಭವಿಗಳು ಕೊಳ್ಳುವುದಿಲ್ಲ. ಹಿಮಗೊಡಲಿಯನ್ನೂ, ಬೂಟಿನ ತಳಕ್ಕೆ ಬಿಗಿಯುವ ಲೋಹದ ಮುಳ್ಳುಪಟ್ಟಿಯಾದ ಕ್ರ್ಯಾಂಪಾನನ್ನೂ ಮಾತ್ರ ಬಿರುಕು, ತುಕ್ಕು ಪರೀಕ್ಷಿಸಿ ಹಳೆಯದಾದರೂ ಒಪ್ಪುತ್ತಾರೆ. ಕ್ರ್ಯಾಂಪಾನಿನ ವ್ಯಾಪಾರಕ್ಕೆ ಸ್ವಂತ ಬೂಟನ್ನೂ ಒಯ್ಯಬೇಕು, ಏಕೆಂದರೆ ಬಾಗುವ ತಳದ ಬೂಟಿನಿಂದ ಕ್ಲಿಪ್ ಹಾಕಿ ಸಿಕ್ಕಿಸುವ ಮಾದರಿ ಕಳಚಿಕೊಳ್ಳಬಹುದು.